ಕಂಬ-ಬೀಮು ಸೇರುವ ಜಾಗಕ್ಕೆ ಕೀಲು ಅನ್ಬಹುದಾ?

ನಮಸ್ಕಾರ ಎಲ್ರಿಗೂ. ಮಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸೈಟಿನ ಬಾರ್ ಬೆಂಡಿಂಗ್ (ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವ) ಹುಡುಗರಿಗೆ ಒಂದು ಪುಟದ ಕನ್ನಡ ಚೀಟಿ ಬರೀತಾ ಇದ್ದೇನೆ, ಭೂಕಂಪಕ್ಕೆ ತಡ್ಕೊಳ್ಳುವ ಹಾಗೆ ಕಂಬ-ಬೀಮು ಸೇರುವಲ್ಲಿ ರಿಂಗು (ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಕಂಬಿಯ ಬಳೆ) ಹೇಗೆ ಕಟ್ಟಬೇಕು ಅಂತ. (ಮಂಗಳೂರಲ್ಲಿ ಎಂತ ಭೂಕಂಪ ಅಂತ ನಗ್ಬೇಡಿ, ಭೂಕಂಪಕ್ಕೆ ಇರುವ ಭಾರತೀಯ ಮಾನಕ ಐಎಸ್ 1893ರ 2016ರ ನಕ್ಷೆಯಲ್ಲಿ ನಾವು ಮೂರನೇ ವಲಯ.) ಎರಡು ಪದದಲ್ಲಿ ಸಿಕ್ಕಿಬಿದ್ದಿದ್ದೇನೆ.

ಒಂದು, ಜಾಯಿಂಟು, ಅಂದ್ರೆ ಕಂಬ-ಬೀಮು ಸೇರುವ ಆ ಜಾಗ. ಸ್ನೇಹಿತರೊಬ್ರು "ಕೀಲು" ಅಂತ ಹಾಕಿ ಅಂದ್ರು. ನನಗೆ ಒಪ್ಪಿಗೆ ಇಲ್ಲ ಮಾರಾಯ್ರೆ, ಕೀಲು ಅಂದ್ರೆ ಮಡಚುವಂಥದ್ದು, ಮೊಣಕಾಲಿನ ಕೀಲಿನ ಹಾಗೆ. ಇಲ್ಲಿ ಲೆಕ್ಕಾಚಾರವೇ ಉಲ್ಟಾ: ಜೋರು ಅಲುಗಾಡಿದಾಗ ಬಾಗುದಿದ್ರೆ ಬೀಮಿನ ತುದಿ ಬಾಗ್ಲಿ, ಕಂಬಕ್ಕೆ ಸೇರುವ ಜಾಗ ಗಟ್ಟಿ ನಿಲ್ಬೇಕು, ಹಾಗಾಗಿಯೇ ಭೂಕಂಪಕ್ಕೆ ಸರಳು ಕಟ್ಟುವ ಮಾನಕ ಐಎಸ್ 13920ರಲ್ಲಿ ಅಲ್ಲಿ ಸೇರುವ ಕಂಬಗಳ ಬಾಗು ತಡೆಯುವ ಬಲ ಬೀಮುಗಳದ್ದರ 1.4 ಪಟ್ಟಾದ್ರೂ ಬೇಕು ಅಂತ ಉಂಟು. ಪ್ಲಾಸ್ಟಿಕ್ ಹಿಂಜ್ (ಮುರಿದು ಬೀಳದೆ ಬಾಗಿಕೊಳ್ಳುವ ಜಾಗ) ಅಂತ ಹೇಳುದು ಬೀಮಿನ ಆ ತುದಿಗೆ, ಕೀಲು ಪದ ಅಲ್ಲಿಗೇ ಬೇಕು. "ಸಂದು" ಅಂದ್ರೆ ಓದುವವ ಬಿರುಕೋ ಓಣಿಯೋ ಅಂದ್ಕೊಳ್ತಾನೆ. ನನ್ನ ಮನಸ್ಸಲ್ಲಿರುದು "ಗೆಣ್ಣು". ಬಿದಿರು, ಕಬ್ಬು ಎಲ್ಲ ಗೆಣ್ಣಲ್ಲೇ ಗಟ್ಟಿ ಅಲ್ವಾ? ಆದ್ರೆ ಬೆರಳಿನ ಗೆಣ್ಣು ಮಡಚ್ತದಲ್ಲ, ಅಲ್ಲಿಗೆ ಪುನಃ ಅದೇ ತಕರಾರು.

ಇನ್ನೊಂದು ಸೈಕ್ಲಿಕ್ ಲೋಡಿಂಗ್, ಅಂದ್ರೆ ಆಚೆ ಈಚೆ ಮತ್ತೆ ಮತ್ತೆ ಬೀಳುವ ಹೊರೆ. "ಚಕ್ರೀಯ ಹೊರೆ" ಅಂತ ಬರ್ದು ತೋರಿಸಿದ್ರೆ ಒಬ್ಬ ಹುಡುಗ ಲಾರಿ ಚಕ್ರವಾ ಸರ್ ಅಂತ ಕೇಳಿದ, ಅವನದ್ದೇನು ತಪ್ಪು! ಬೈಂಡಿಂಗ್ ವಯರನ್ನು ಆಚೆ ಈಚೆ ಬಗ್ಗಿಸಿ ತುಂಡು ಮಾಡ್ತೇವಲ್ಲ, ಅದೇ ಕತೆ. ಕಟ್ಟಡ ಆಚೆ ವಾಲಿದಾಗ ಒಂದು ಓರೆ ಬಿರುಕು, ಈಚೆ ವಾಲಿದಾಗ ಅದಕ್ಕೆ ಅಡ್ಡ ಇನ್ನೊಂದು, ಹೀಗೆ ಆಗಿ ಆಗಿ ಹೊರಗಿನ ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟು) ಉದುರಿದ್ರೆ 90 ಡಿಗ್ರಿ ಕೊಕ್ಕೆಯ ರಿಂಗು ಬಿಚ್ಚಿಕೊಳ್ತದೆ, ಅದಕ್ಕೇ 135 ಡಿಗ್ರಿ ಬಗ್ಗಿಸಿ ತುದಿ 65 ಮಿಮೀ ಆದ್ರೂ ಒಳಗೆ ಬಿಡುದು. ಬೀಮಿನ ಸರಳು ಅಡ್ಡ ಬರ್ತದೆ ಅಂತ ಜಾಯಿಂಟಲ್ಲಿ ರಿಂಗೇ ಬಿಟ್ಟುಬಿಡುವವರೂ ಇದ್ದಾರೆ, ಅದು ಬೇರೆ ಜಗಳ. "ಹಿಂದುಮುಂದು ಎಳೆತ" ಅನ್ನುವ ಅಂದ್ರೆ ಎಳೆತ ಪದ ಟೆನ್ಶನ್‌ಗೆ ಬೇಕು. ಈಗ ದೋಣಿಯ ಹೊಯ್ದಾಟ ನೆನಪಾಗಿ "ಹೊಯ್ದಾಟದ ಹೊರೆ" ಅಂತ ಬರ್ದಿದ್ದೇನೆ, ನಡೀತದಾ?

ಹುಡುಗರು ಹೆಚ್ಚಿನವರು ಬಾಗಲಕೋಟೆ ಕಡೆಯವರು. ಆ ಕಡೆಯ ಗೌಂಡಿಗಳು, ಬಡಗಿಗಳು ಈ ಕಂಬ-ಬೀಮು ಸೇರುವ ಜಾಗಕ್ಕೆ ಎಂತ ಹೇಳ್ತಾರೆ, ಗೊತ್ತಿದ್ದವರು ಬರೀರಿ. ಇಲ್ದಿದ್ರೆ ಜಾಯಿಂಟು ಅಂತಲೇ ಪ್ರಿಂಟಿಗೆ ಕೊಡ್ತೇನೆ.