ಪುಟ್ಟಿಯ ತರಗತಿಗೆ ಭಾವನೆ ಓದುವ ಕ್ಯಾಮೆರಾ: ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಸೋದರಮಾವ: ಮಕ್ಕಳ ಮುಖ ನೋಡಿ ಯಾರು ಪಾಠ ಕೇಳುತ್ತಿದ್ದಾರೆ, ಯಾರಿಗೆ ಬೇಸರವಾಗಿದೆ ಎಂದು ಶಿಕ್ಷಕರಿಗೆ ತಿಳಿಸುವ ಕ್ಯಾಮೆರಾದ ವಿಡಿಯೊ ಮೇಲೆ ಹಾಕಿದ್ದೇನೆ, ಎಲ್ಲರೂ ನೋಡಿ. ಪುಟ್ಟಿಯ ಶಾಲೆಯವರೂ ಇದನ್ನು ತರಿಸುವ ಯೋಚನೆಯಲ್ಲಿದ್ದಾರಂತೆ. ನಲವತ್ತು ಮಕ್ಕಳ ಮನಸ್ಸನ್ನು ಒಬ್ಬ ಶಿಕ್ಷಕಿ ಗಮನಿಸುವುದು ಹೇಗೆ? ನನಗಂತೂ ಇದು ಒಳ್ಳೆಯದೆನ್ನಿಸಿತು.

ನಾನು: ಮಾವ, ವಿಡಿಯೊ ಪೂರ್ತಿ ನೋಡಿದೆ, ಆದರೆ ಮನಸ್ಸೊಪ್ಪಲಿಲ್ಲ. ಕ್ಯಾಮೆರಾಕ್ಕೆ ಕಾಣುವುದು ಹುಬ್ಬು, ತುಟಿ, ಕೆನ್ನೆಗಳ ಚಲನೆ. ಅದಕ್ಕೆ ಕೋಪವೆಂದೋ ಬೇಸರವೆಂದೋ ಹೆಸರಿಡುವುದು ಬರಿಯ ಊಹೆ. 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಎಕ್‌ಮನ್ ಪಪುವಾ ನ್ಯೂಗಿನಿಯ ಫೋರೆ ಜನರಿಗೆ ಫೋಟೊಗಳನ್ನು ತೋರಿಸಿ, ಕೆಲವು ಮೂಲಭಾವಗಳು ಎಲ್ಲ ಮನುಷ್ಯರ ಮುಖದಲ್ಲೂ ಒಂದೇ ರೀತಿ ಮೂಡುತ್ತವೆ ಎಂದು ವಾದಿಸಿದರು. ಇಂಥ ಅನೇಕ ಯಂತ್ರಗಳು ನಿಂತಿರುವುದು ಆ ವಾದದ ಮೇಲೆ. ಆದರೆ ಮನೋವಿಜ್ಞಾನಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಕೋಪ ಬಂದವರು ಹುಬ್ಬು ಗಂಟಿಕ್ಕುವುದು ಸರಾಸರಿ ಶೇ 30ರಷ್ಟು ಸಲ ಮಾತ್ರ. ಗಂಟಿಕ್ಕಿದವರಿಗೆಲ್ಲ ಕೋಪವೇ ಬಂದಿರಬೇಕೆಂದೂ ಇಲ್ಲ. ಭಾಗಾಕಾರ ಮಾಡುವಾಗ ಪುಟ್ಟಿಯ ಮುಖ ನೆನಪಿಸಿಕೊಳ್ಳಿ.

ಅತ್ತೆ: ಹೌದು ಕಣೇ, ಲೆಕ್ಕದಲ್ಲಿ ಮುಳುಗಿದಾಗಲೇ ಅವಳ ಹುಬ್ಬು ಗಂಟಾಗಿರುತ್ತದೆ.

ಸೋದರಮಾವ: ಮುಖ ಮೋಸ ಮಾಡಬಹುದು, ಒಪ್ಪಿದೆ. ಆದರೆ ಎದೆಬಡಿತ, ಬೆವರು ಅಳೆಯುವ ಸೆನ್ಸರ್‌ಗಳಿವೆಯಲ್ಲ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕಿ ರೊಸಾಲಿಂಡ್ ಪಿಕಾರ್ಡ್ ಒತ್ತಡ ಅಳೆಯಲೆಂದು ರೂಪಿಸುತ್ತಿದ್ದ ಕೈಪಟ್ಟಿಯೇ ಮೂರ್ಛೆರೋಗದ ಸೆಳೆತದ ಸುಳಿವು ಕೊಟ್ಟಿತು, ಮುಂದೆ ಅದೇ ಜಾಡಿನಲ್ಲಿ ಬಂದ ಕೈಗಡಿಯಾರಕ್ಕೆ 2018ರಲ್ಲಿ ಅಲ್ಲಿನ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎಯ ಅನುಮತಿಯೂ ಸಿಕ್ಕಿತು. ಅದೂ ಬೇಡ ಎನ್ನುವೆಯಾ?

ನಾನು: ಖಂಡಿತ ಬೇಕು ಮಾವ. ಸೆಳೆತ ಬಂತೋ ಇಲ್ಲವೋ ಎಂಬುದನ್ನು ಆಸ್ಪತ್ರೆಯಲ್ಲಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯೊಂದಿಗೆ ತಾಳೆ ನೋಡಬಹುದು. ಮಗುವಿನ ಬೇಸರವನ್ನು ಯಾವುದರೊಂದಿಗೆ ತಾಳೆ ನೋಡುವುದು? ಅಂಗೈಯ ಬೆವರು ಭಯಕ್ಕೂ ಏರುತ್ತದೆ, ಸಂಭ್ರಮಕ್ಕೂ ಏರುತ್ತದೆ, ಸೆಖೆಗೂ ಏರುತ್ತದೆ. ಸುಳ್ಳುಪತ್ತೆ ಯಂತ್ರ ಅಳೆಯುವುದೂ ಇದೇ ಉಸಿರು, ನಾಡಿ, ರಕ್ತದೊತ್ತಡ, ಬೆವರುಗಳನ್ನು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಆ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಕೊಲೆ ಆರೋಪಿಗೂ ಸಿಗುವ ರಕ್ಷಣೆ ನಾಲ್ಕನೇ ತರಗತಿಯ ಮಗುವಿಗೆ ಸಿಗಬಾರದೇ? ಐರೋಪ್ಯ ಒಕ್ಕೂಟದಲ್ಲಂತೂ ಶಾಲೆಗಳಲ್ಲಿ ಮತ್ತು ಕೆಲಸದ ಸ್ಥಳಗಳಲ್ಲಿ ಭಾವನೆಯನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ಬಳಕೆಗೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟರೆ, 2025ರ ಫೆಬ್ರುವರಿ 2ರಿಂದ ನಿಷೇಧವಿದೆ. ದಿನವಿಡೀ ಯಂತ್ರವೊಂದು ತನ್ನ ಮುಖ ನೋಡುತ್ತಿದೆ ಎಂದು ತಿಳಿದರೆ ನಮ್ಮ ಪುಟ್ಟಿ ಮೊದಲು ಕಲಿಯುವುದು ಅದಕ್ಕೆ ಬೇಕಾದ ಮುಖ ಹಾಕಿಕೊಳ್ಳುವುದನ್ನು. ನನಗೆ ಸಂಕಟವಾಗುವುದು ಅದಕ್ಕೇ.

ಅತ್ತೆ: ಬೇಸರವಾಯಿತೇ ಎಂದು ಅವಳನ್ನೇ ಕೇಳಿದರೆ ಹೇಳುತ್ತಾಳಲ್ಲ.

ಸೋದರಮಾವ: ಶಿಕ್ಷಕಿಗೆ ಸಹಾಯ ಬೇಕೆಂಬ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಯಂತ್ರ ಬೇಸರವೆಂದದ್ದು ಬೇಸರವೇ ಎಂದು ಯಾರು, ಹೇಗೆ ಪರೀಕ್ಷಿಸಿದರು, ಮಕ್ಕಳ ವಿಡಿಯೊ ಎಷ್ಟು ಕಾಲ ಯಾರ ಬಳಿ ಇರುತ್ತದೆ, ಬೇಡವೆನ್ನುವ ಹಕ್ಕು ಪೋಷಕರಿಗಿದೆಯೇ ಎಂಬುದನ್ನು ಶನಿವಾರದ ಸಭೆಯಲ್ಲಿ ಕೇಳಿಯೇ ಕೇಳುತ್ತೇನೆ. ಅಷ್ಟರೊಳಗೆ ನೀನು ಆ ತೀರ್ಪಿನ ಪ್ರತಿಯನ್ನು ನನಗೆ ಕಳಿಸು.