ಅಪ್‌ಡೇಟ್: ಕಾರಿನೊಳಗಿನ ಎರೆಮಣ್ಣು ಕೊನೆಗೂ ಹೋಯ್ತು

ಹೋದ ವಾರ ಕೇಳಿದ್ದೆ: ವಿಜಯಪುರದ ಹತ್ತಿರದ ನಮ್ಮ ಹೊಲದ ಎರೆಮಣ್ಣು ಕಾರಿನ ಕಾರ್ಪೆಟ್‌ನಲ್ಲಿ ಕೂತಿದೆ, ಸೀಟಿನ ಸಂದಿಯಲ್ಲಿ ಶೇಂಗಾ ಚಟ್ನಿ ಪುಡಿ ಬೇರೆ. ಕಾರಿನ ಸಾಕೆಟ್‌ಗೇ ಚುಚ್ಚುವ 12 ವೋಲ್ಟ್ ವ್ಯಾಕ್ಯೂಮ್ ಸಾಕಾ?

ಸಾಕಾಗಲಿಲ್ಲ. ಚಟ್ನಿ ಪುಡಿ ಎಳೆಯಿತು, ಮಣ್ಣಿಗೆ ಸೋತಿತು. ನನ್ನ ಕಾರಿನ ಸಾಕೆಟ್ ಫ್ಯೂಸ್ 10 ಆಂಪ್. ಅಂದರೆ ಹೆಚ್ಚೆಂದರೆ 12 × 10 = 120 ವ್ಯಾಟ್. ನಮ್ಮ ಮನೆಯ ಮಿಕ್ಸರ್‌ಗೇ 500 ಇದೆ!

ಗೆದ್ದದ್ದು ಮನೆ ಪ್ಲಗ್‌ಗೆ ಹಾಕುವ ದೊಡ್ಡ ವ್ಯಾಕ್ಯೂಮ್. ಕೊಳ್ಳಲಿಲ್ಲ, ಭಾವನ ಹತ್ತಿರ ಎರವಲು ತಂದೆ. ಆದರೆ ಅರ್ಧ ಕೆಲಸ ಗಟ್ಟಿ ಬ್ರಷ್‌ನದು. ನಾನು ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆ, ಎರೆಮಣ್ಣು ಅಂಟಿನಂತಾಯಿತು. ಈ ಸಲ ಬಾಗಿಲು ತೆಗೆದಿಟ್ಟು ಎರಡು ದಿನ ಒಣಗಿಸಿದೆ. ಒಂದು ಕೈಯಲ್ಲಿ ಬ್ರಷ್‌ನಿಂದ ಉಜ್ಜುತ್ತಾ, ಇನ್ನೊಂದರಲ್ಲಿ ಎಳೆಯುತ್ತಾ ಹೋದೆ. ಸೀಟಿನ ಹಳಿಗೆ ಚಪ್ಪಟೆ ಮೂತಿ ಬೇಕೇ ಬೇಕು. ಎಸಿ ಕಿಂಡಿಗೆ ಮೆತ್ತನೆ ಬ್ರಷ್ ಸಾಕು.

ಸಣ್ಣ ಸಂದಿಗೆಂದು ಪೈಪ್ ತುದಿಗೆ ಸ್ಟ್ರಾ ಕಟ್ಟುವ ಉಪಾಯ ಮಾತ್ರ ದಂಡ. ಗಾಳಿಯೇ ಹೋಗದೆ ಮೋಟಾರು ಅರಚಿತು.

ಹತ್ತೇ ನಿಮಿಷದಲ್ಲಿ ಎಳೆತ ಕಡಿಮೆಯಾಯಿತು, ಮಷೀನ್ ಕೆಟ್ಟಿತು ಅಂದುಕೊಂಡೆ. ನೋಡಿದರೆ ಫಿಲ್ಟರ್ ತುಂಬಾ ಕರಿ ಹುಡಿ. ಕೊಡವಿದೆ, ಮತ್ತೆ ಮೊದಲಿನಂತೆ! ತೊಳೆದರೆ ಪೂರ್ತಿ ಒಣಗಿಸಿಯೇ ಹಾಕಿ. ಭಾವನಿಗೆ ಫಿಲ್ಟರ್ ವಿಷಯ ಇನ್ನೂ ಹೇಳಿಲ್ಲ.