ಪ್ರಶ್ನೋತ್ತರ: ಟೇಪು ತೋರಿಸುವ ಕಡಸಿನ ತೂಕವನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಕೊಟ್ಟಿಗೆಯಲ್ಲಿ ಹದಿನೈದು ತಿಂಗಳು ತುಂಬಿದ ಕಡಸೊಂದಿದೆ. ಎರಡು ಬಾರಿ ಬೆದೆಗೆ ಬಂದಿದ್ದರೂ ತೂಕ ಸಾಲದೇನೋ ಎಂಬ ಅಳುಕಿನಿಂದ ಗರ್ಭಧಾರಣೆ ಮಾಡಿಸಿಲ್ಲ. ತೂಕದ ಯಂತ್ರವಿಲ್ಲದ ಕಾರಣ ಟೇಪಿನಿಂದ ಅಳೆದೆ. ಎದೆಸುತ್ತಳತೆ ನಿನ್ನೆ ಸಂಜೆ 154 ಸೆಂ.ಮೀ. ಬಂದರೆ ಇಂದು ಬೆಳಿಗ್ಗೆ 150 ಸೆಂ.ಮೀ. ಬಂದಿದೆ, ಮೈಯುದ್ದ 125 ಸೆಂ.ಮೀ. ಇವುಗಳಲ್ಲಿ ಯಾವುದನ್ನು ನಂಬಲಿ?

ಉತ್ತರ: ನಮಸ್ಕಾರ. ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಮತ್ತೆ ಗುಣಿಸಿ, 10840ರಿಂದ ಭಾಗಿಸಿದರೆ ಕಿಲೋಗ್ರಾಮಿನಲ್ಲಿ ಅಂದಾಜು ತೂಕ ಸಿಗುತ್ತದೆ. ನಿಮ್ಮ ಬೆಳಗಿನ ಅಳತೆಗೆ ಸುಮಾರು 259 ಕಿಲೋ, ಸಂಜೆಯ ಅಳತೆಗೆ ಸುಮಾರು 273 ಕಿಲೋ. ಸುತ್ತಳತೆಯ ವರ್ಗವನ್ನು ಲೆಕ್ಕಕ್ಕೆ ಹಿಡಿಯುವುದರಿಂದ ಅಲ್ಲಿ ನುಸುಳಿದ ತಪ್ಪು ತೂಕದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಾಲ್ಕು ಸೆಂಟಿಮೀಟರಿಗೆ ಹದಿನಾಲ್ಕು ಕಿಲೋ ಅಂತರ ಬಂದದ್ದು ಅದರಿಂದಲೇ.

ಇಂಥ ವ್ಯತ್ಯಾಸಕ್ಕೆ ಹೆಚ್ಚಾಗಿ ಕಾರಣವಾಗುವುದು ಕಡಸು ನಿಂತ ರೀತಿ ಮತ್ತು ಟೇಪನ್ನು ಎಳೆದ ಬಿಗಿ. ಸಮತಟ್ಟಾದ ನೆಲದ ಮೇಲೆ ನಾಲ್ಕೂ ಕಾಲುಗಳನ್ನು ಸಮನಾಗಿ ಊರಿ, ತಲೆಯನ್ನು ನೇರವಾಗಿಟ್ಟು ನಿಂತಾಗ, ಮುಂಗಾಲುಗಳ ಹಿಂದೆಯೇ, ಹೆಗಲಿನ ಹಿಂಬದಿಯಿಂದ ಟೇಪು ಸುತ್ತಬೇಕು. ಅದು ಚರ್ಮಕ್ಕೆ ತಾಗಿರಬೇಕು, ಆದರೆ ಚರ್ಮವನ್ನು ಒತ್ತಬಾರದು. ಉದ್ದವನ್ನು ಭುಜದ ಮುಂತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯ ತುದಿಯವರೆಗೆ ಹಿಡಿಯಿರಿ. ಬೆಳಿಗ್ಗೆ ಮೇವು ಹಾಕುವ ಮೊದಲು ಮೂರು ಬಾರಿ ಅಳೆದು ಸರಾಸರಿ ತೆಗೆದುಕೊಳ್ಳಿ. ಹಳೆಯ ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗಿರಬಹುದಾದ್ದರಿಂದ ಅದನ್ನೂ ಒಮ್ಮೆ ಅಳತೆಪಟ್ಟಿಗೆ ಹಿಡಿದು ನೋಡಿ.

ಗರ್ಭಧಾರಣೆಯ ವಿಷಯದಲ್ಲಿ ನಿಮ್ಮ ಅಳುಕು ಸರಿಯಾಗಿಯೇ ಇದೆ. ವಯಸ್ಸಿಗಿಂತ ತೂಕವೇ ಮುಖ್ಯ; ಅದೇ ತಳಿಯ, ಪೂರ್ಣ ಬೆಳೆದ ಹಸುವಿನ ತೂಕದ 55ರಿಂದ 60 ಶೇಕಡಾ ಬಂದಿರಬೇಕು. ಅದರ ತಾಯಿಯ ತೂಕ ಎಷ್ಟಿದೆ?

ಪ್ರಶ್ನೆ: ತಾಯಿ ಸುಮಾರು 480 ಕಿಲೋ ಇದೆ. ಹಾಗಾದರೆ ಇನ್ನೂ ಕಾಯಬೇಕೇ? ಜಂತುನಾಶಕದ ಪ್ರಮಾಣಕ್ಕೂ ಇದೇ ತೂಕ ಸಾಕೇ?

ಉತ್ತರ: 480 ಕಿಲೋಗೆ 55 ಶೇಕಡಾ ಎಂದರೆ 264 ಕಿಲೋ. ಬೆಳಗಿನ ಅಳತೆ ಸರಿಯಿದ್ದರೆ ಕಡಸು ಗಡಿಯ ಹತ್ತಿರವಿದೆ. ದಿನಕ್ಕೆ 600 ಗ್ರಾಂ ಬೆಳೆಯುತ್ತಿದ್ದರೆ 21 ದಿನಗಳ ಒಂದು ಬೆದೆಚಕ್ರದಲ್ಲಿ ಹನ್ನೆರಡು ಕಿಲೋಗಿಂತ ಹೆಚ್ಚು ಸೇರುವುದರಿಂದ, ನಾನಾಗಿದ್ದರೆ ಒಂದು ಬೆದೆಯನ್ನು ಬಿಟ್ಟು ಮುಂದಿನದಕ್ಕೆ ಮಾಡಿಸುತ್ತಿದ್ದೆ. ಆದರೆ ಕೊಬ್ಬಿನಿಂದಲೂ ಸುತ್ತಳತೆ ಹೆಚ್ಚಬಲ್ಲದು. ಹೆಗಲಿನ ಎತ್ತರವನ್ನೂ ಬರೆದಿಟ್ಟುಕೊಂಡರೆ ಕಡಸು ಬೆಳೆದಿದೆಯೋ ಬರೀ ಮೈತುಂಬಿಕೊಂಡಿದೆಯೋ ತಿಳಿಯುತ್ತದೆ.

ಜಂತುನಾಶಕಕ್ಕೆ ಈ ಅಂದಾಜು ಸಾಕು, ಆದರೆ ಪ್ರಮಾಣ ಕಡಿಮೆಯಾಗದಂತೆ ನೋಡಿಕೊಳ್ಳಿ, ಏಕೆಂದರೆ ಕಡಿಮೆ ಔಷಧಿಯಿಂದ ಬದುಕುಳಿದ ಜಂತುಗಳಲ್ಲಿ ನಿರೋಧಶಕ್ತಿ ಬೆಳೆಯುತ್ತದೆ. ಔಷಧಿಯ ಆಯ್ಕೆಯನ್ನು ಕಡಸನ್ನು ನೋಡುವ ಪಶುವೈದ್ಯರಿಗೇ ಬಿಡಿ.

ಅವಕಾಶ ಸಿಕ್ಕಾಗ ಒಮ್ಮೆಯಾದರೂ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅದೇ ದಿನ ಟೇಪಿನಿಂದಲೂ ಅಳೆಯಿರಿ. ಒಂದು ತಳಿಗೆಂದು ಮಾಡಿದ ಟೇಪು ಇನ್ನೊಂದು ತಳಿಗೆ ತಪ್ಪು ತೂಕ ತೋರಿಸಬಹುದು. ನಿಮ್ಮ ಕಡಸಿಗೆ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂಬುದು ಆಗ ತಿಳಿಯುತ್ತದೆ.